ಎಂಜಿನ್ನಿಗೆ ಪೆಟ್ರೋಲ್ ತಲುಪುವ ದಾರಿ

ಎಲೆಕ್ಟ್ರಾನಿಕ್ ಇಂಜೆಕ್ಷನ್ ಇರುವ ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಇಂಧನವನ್ನು ನೇರವಾಗಿ ಅಳೆಯುವ ಸಾಧನವೇ ಇರುವುದಿಲ್ಲ. ಎಂಜಿನ್ನಿನ ಕಂಪ್ಯೂಟರು, ಅಂದರೆ ಇಸಿಯು, ಒಳಬರುವ ಗಾಳಿಯ ಪ್ರಮಾಣವನ್ನು ಲೆಕ್ಕ ಹಾಕಿ ಇಂಜೆಕ್ಟರಿನ ಬಾಯನ್ನು ಕೆಲವೇ ಮಿಲಿಸೆಕೆಂಡುಗಳ ಕಾಲ ತೆರೆದಿಡುತ್ತದೆ. ಅಷ್ಟು ಹೊತ್ತಿನಲ್ಲಿ ಎಷ್ಟು ಪೆಟ್ರೋಲ್ ಹೊರಬಿತ್ತೆಂದು ಅದು ನೋಡುವುದಿಲ್ಲ, ಕೊಳವೆಯಲ್ಲಿ ಗೊತ್ತುಪಡಿಸಿದ ಒತ್ತಡ ಇದ್ದೇ ಇದೆಯೆಂದು ನಂಬಿ ನಡೆಯುತ್ತದೆ. ಆದ್ದರಿಂದ ಟ್ಯಾಂಕಿನಿಂದ ಇಂಜೆಕ್ಟರಿನವರೆಗಿನ ಪಂಪು, ಫಿಲ್ಟರು, ಹೋಸು, ಕ್ಲಿಪ್ಪುಗಳೆಲ್ಲ ಬರಿಯ ಸಾಗಣೆಯ ಸಾಮಾನುಗಳಲ್ಲ, ಅಳತೆಯ ಉಪಕರಣದ ಭಾಗಗಳೇ ಆಗಿವೆ.

ಕಾರ್ಬೊರೇಟರಿನ ಬೈಕಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಮೇಲಿನ ಟ್ಯಾಂಕಿನಿಂದ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತಿತ್ತು. 2020ರ ಏಪ್ರಿಲ್ 1ರಂದು ಬಿಎಸ್-6 ಹೊಗೆ ಮಾಲಿನ್ಯ ನಿಯಮ ಜಾರಿಯಾದ ಮೇಲೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆಗಳ ಗ್ಯಾರೇಜುಗಳಿಗೆ ಬರುವ ಹೊಸ ಪೆಟ್ರೋಲ್ ಬೈಕುಗಳಲ್ಲಿ ಬಹುತೇಕ ಎಲ್ಲವೂ ಇಂಜೆಕ್ಷನ್ನಿನವು, ಮತ್ತು ಇವುಗಳ ಕೊಳವೆಯಲ್ಲಿ ಸುಮಾರು 3 ಬಾರ್ ಒತ್ತಡ ಸದಾ ನಿಂತಿರಬೇಕು. ಈ ಒತ್ತಡ ಎಷ್ಟೆಂಬುದಕ್ಕೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ಅಣೆಕಟ್ಟೆಯೇ ಅಳತೆಗೋಲು: ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 130 ಅಡಿ ತುಂಬಿ ನಿಂತಾಗ, ನೂರು ಅಡಿ ಆಳದಲ್ಲಿ ನೀರು ಕಟ್ಟೆಯನ್ನು ಎಷ್ಟು ಬಲವಾಗಿ ಒತ್ತುತ್ತದೆಯೋ ಅಷ್ಟೇ ಬಲದಿಂದ ಪೆಟ್ರೋಲ್ ಈ ಬೆರಳು ಗಾತ್ರದ ಹೋಸನ್ನು ಒಳಗಿನಿಂದ ಒತ್ತುತ್ತಿರುತ್ತದೆ.

ಕಾರ್ಖಾನೆಯಿಂದ ಬರುವ ವಾಹನದಲ್ಲಿ ಈ ಲೆಕ್ಕವನ್ನು ತಯಾರಕರೇ ಮುಗಿಸಿರುತ್ತಾರೆ. ಎಂಜಿನ್ನಿಗೆ ತಾವೇ ಇಂಜೆಕ್ಷನ್ ಕೂಡಿಸುವವರು, ಮುಖ್ಯವಾಗಿ ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡದಂತೆ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ಕಾರು ಕಟ್ಟುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಅದನ್ನು ಮೊದಲಿನಿಂದ ಮಾಡಬೇಕಾಗುತ್ತದೆ. 40 ಕಿಲೋವ್ಯಾಟ್ ಶಕ್ತಿಯ ಎಂಜಿನ್ನು ಕಿಲೋವ್ಯಾಟ್-ಗಂಟೆಗೆ ಸುಮಾರು 300 ಗ್ರಾಂ ಇಂಧನ ಉರಿಸುತ್ತದೆಂದು ಹಿಡಿದರೆ, ಪೂರ್ಣ ಶಕ್ತಿಯಲ್ಲಿ ಗಂಟೆಗೆ 12 ಕಿಲೋ, ಅಂದರೆ 16 ಲೀಟರಿನಷ್ಟು ಪೆಟ್ರೋಲ್ ಬೇಕು. ಪಂಪಿನ ಮೇಲೆ ಬರೆದಿರುವ ಸಾಮರ್ಥ್ಯ ಎಷ್ಟೋ ಸಲ ಒತ್ತಡವಿಲ್ಲದೆ ಹರಿಯುವಾಗಿನದು, 3 ಬಾರಿನಲ್ಲಿ ಅದು ಸಾಕಷ್ಟು ಇಳಿಯುತ್ತದೆ. ಹಾಗೆಂದು ತೀರ ದೊಡ್ಡ ಪಂಪನ್ನು ತಂದು ಕೂಡಿಸುವುದೂ ತಪ್ಪು, ಏಕೆಂದರೆ ಎಂಜಿನ್ನಿಗೆ ಬೇಡವಾದ ಪೆಟ್ರೋಲ್ ಬಿಸಿಯಾಗಿ ಟ್ಯಾಂಕಿಗೆ ಮರಳುತ್ತ ಇಡೀ ಟ್ಯಾಂಕನ್ನೇ ಕಾಯಿಸುತ್ತದೆ.

ಚಿತ್ರದುರ್ಗದ ಬಯಲುಸೀಮೆಯಲ್ಲಿ ಈ ಕಾವು ಸಣ್ಣ ಸಂಗತಿಯಲ್ಲ. ಪೆಟ್ರೋಲಿನ ಹಗುರ ಅಂಶಗಳು 35ರಿಂದ 40 ಡಿಗ್ರಿಯಲ್ಲೇ ಕುದಿಯತೊಡಗುತ್ತವೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಇಲ್ಲಿನ ಗಾಳಿಯೇ ಅದರ ಹತ್ತಿರಕ್ಕೆ ಬರುತ್ತದೆ, ಸಾಲದ್ದಕ್ಕೆ ಸಮುದ್ರ ಮಟ್ಟದಿಂದ 700 ಮೀಟರಿಗೂ ಎತ್ತರದ ಊರಾದ್ದರಿಂದ ಗಾಳಿಯ ಒತ್ತಡವೂ ಸ್ವಲ್ಪ ಕಡಿಮೆ. ಪಂಪು ತಳ್ಳುವ ಕಡೆ ಒತ್ತಡ ಹೆಚ್ಚಿರುವುದರಿಂದ ಪೆಟ್ರೋಲ್ ಸುಲಭಕ್ಕೆ ಕುದಿಯದು, ಆದರೆ ಹೀರುವ ಕಡೆ ಒತ್ತಡ ತಗ್ಗಿ ಆವಿಯ ಗುಳ್ಳೆಗಳೇಳುತ್ತವೆ. ಗುಳ್ಳೆ ಹೊಕ್ಕ ಪಂಪು ದ್ರವವನ್ನು ತಳ್ಳಲಾರದೆ ಬರಿದೇ ತಿರುಗಿ ಸವೆಯುತ್ತದೆ. ಆದ್ದರಿಂದ ಪಂಪನ್ನು ಟ್ಯಾಂಕಿನೊಳಗೆ ಮುಳುಗಿಸಿಡುವುದು ಉತ್ತಮ, ಹೊರಗಿಡುವುದಾದರೆ ಟ್ಯಾಂಕಿನ ತಳಕ್ಕಿಂತ ಕೆಳಗೆ, ಸೈಲೆನ್ಸರಿನಿಂದ ದೂರ ಇಡಬೇಕು. ಪಂಪಿಗೆ ಮೊದಲು ಸಲೀಸಾಗಿ ಹರಿಯಬಿಡುವ ದೊಡ್ಡ ಕಣ್ಣಿನ ಜಾಲರಿಯನ್ನೂ, ನಂತರ ಸುಮಾರು 10 ಮೈಕ್ರಾನಿನ ಸೂಕ್ಷ್ಮ ಫಿಲ್ಟರನ್ನೂ ಹಾಕಬೇಕು. ಈ ಕ್ರಮ ತಿರುಗುಮುರುಗಾದರೆ ಪಂಪು ಹೀರಲಾರದೆ ಒದ್ದಾಡುತ್ತದೆ. ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪಿನ ಬಾಯಿ ಬರಿದಾಗುವ ರೇಸ್ ಕಾರುಗಳಲ್ಲಿ ನಡುವೆ ಸರ್ಜ್ ಟ್ಯಾಂಕ್ ಎಂಬ, ಸದಾ ತುಂಬಿಯೇ ಇರುವ ಪುಟ್ಟ ಪಾತ್ರೆಯನ್ನಿಡುತ್ತಾರೆ.

ಒತ್ತಡವನ್ನು ಕಾಯುವ ಕೆಲಸ ರೆಗ್ಯುಲೇಟರಿನದು. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ, 3 ಬಾರ್ 2ಕ್ಕೆ ಕುಸಿದರೆ ಇಂಜೆಕ್ಟರು ನೂರಕ್ಕೆ 18ರಷ್ಟು ಕಡಿಮೆ ಸಿಂಪಡಿಸುತ್ತದೆ. ಪೂರ್ಣ ಭಾರದಲ್ಲಿ ಓಡುವ ಎಂಜಿನ್ನಿನ ಪಿಸ್ಟನ್ ಸುಡಲು ಅಷ್ಟು ಕೊರತೆ ಸಾಕು. ಇಂಜೆಕ್ಟರಿನ ಆಚೆ ಬದಿಯಲ್ಲಿರುವ ಗಾಳಿಕೊಳವೆಯ ಒತ್ತಡವೂ ಆ್ಯಕ್ಸಿಲರೇಟರಿನೊಂದಿಗೆ ಏರಿಳಿಯುವುದರಿಂದ, ರೆಗ್ಯುಲೇಟರಿನ ತಲೆಯಿಂದ ಅಲ್ಲಿಗೊಂದು ಸಣ್ಣ ನಳಿಕೆ ಜೋಡಿಸಿ ಎರಡರ ನಡುವಿನ ಅಂತರ ಬದಲಾಗದಂತೆ ನೋಡಿಕೊಳ್ಳಲಾಗುತ್ತದೆ.

ಕೊನೆಯದಾಗಿ ಹೋಸು ಮತ್ತು ಕ್ಲಿಪ್ಪು. ಕಾರ್ಬೊರೇಟರಿನ ಹೋಸು 3 ಬಾರಿಗೆ ಮಾಡಿದ್ದಲ್ಲ, ಜೊತೆಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ, ನೂರಕ್ಕೆ 20 ಎಥನಾಲ್ ಬೆರೆತ ಇ-20 ಪೆಟ್ರೋಲ್ ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಸ್ಕ್ರೂಡ್ರೈವರಿನಿಂದ ಬಿಗಿಯುವ, ಮೈಯಲ್ಲಿ ಸೀಳುಗಳಿರುವ ಮಾಮೂಲಿ ಪಟ್ಟಿ ಕ್ಲಿಪ್ಪಿನ ಅಂಚು ರಬ್ಬರಿನೊಳಕ್ಕೆ ಕಚ್ಚುತ್ತದೆ. ಫಾರ್ಮುಲಾ ಸ್ಟೂಡೆಂಟ್ ನಿಯಮಾವಳಿ ಅದನ್ನು ಒಪ್ಪದೆ, ಸುತ್ತಲೂ ಸಮನಾಗಿ ಅಪ್ಪುವ, ಅಂಚು ಮಡಿಚಿದ, ನಟ್ಟು-ಬೋಲ್ಟಿನ ಕ್ಲಾಂಪನ್ನೇ ಕೇಳುತ್ತದೆ.

ರಸ್ತೆಯ ವಾಹನದಲ್ಲಿ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡಿಯಾಗಿರುವುದರಿಂದ ಇಂಥ ಪ್ರಯೋಗಗಳು ಕಾಲೇಜಿನ ವರ್ಕ್‌ಶಾಪು ಮತ್ತು ರೇಸ್ ಟ್ರ್ಯಾಕಿಗೇ ಸೀಮಿತವಾಗಿರಬೇಕು. ಅಲ್ಲಿಯೂ ಎಂಜಿನ್ ಚಾಲೂ ಮಾಡುವ ಮುನ್ನ ಪಂಪನ್ನಷ್ಟೇ ಓಡಿಸಿ, ಬೆಂಕಿ ನಂದಿಸುವ ಸಿಲಿಂಡರನ್ನು ಪಕ್ಕದಲ್ಲಿಟ್ಟುಕೊಂಡು, ಪ್ರತಿಯೊಂದು ಜೋಡಣೆಯನ್ನೂ ಒಣಬಟ್ಟೆಯಿಂದ ಒರೆಸಿ ತೇವವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.