ಕವಲೊಡೆಯುವ ಸಮರಕಥೆ: 1791ರ ಮೇ ತಿಂಗಳನ್ನು ಆಟವಾಗಿ ಹೆಣೆಯುವ ಬಗೆ

ಯುದ್ಧತಂತ್ರದ ಆಟಗಳಲ್ಲಿ ‘ಕ್ಯಾಂಪೇನ್’ ಎಂದರೆ ಒಂದು ಕಾಳಗದ ಪರಿಣಾಮ ಮುಂದಿನದಕ್ಕೆ ದಾಟುವಂತೆ ಪೋಣಿಸಿದ ಸನ್ನಿವೇಶಗಳ ಸರಣಿ. ನಡೆದ ಚರಿತ್ರೆಯ ಒಂದು ತಿರುವಿನಿಂದ ಬೇರೆ ದಾರಿ ಹಿಡಿದು, ಆಟಗಾರನ ತೀರ್ಮಾನಕ್ಕೆ ತಕ್ಕಂತೆ ಸನ್ನಿವೇಶಗಳೇ ಬದಲಾಗುತ್ತ ಹೋದರೆ ಅದು ಪರ್ಯಾಯ ಚರಿತ್ರೆಯ ಕ್ಯಾಂಪೇನ್ ಆಗುತ್ತದೆ. ಎರಡನೇ ಮಹಾಯುದ್ಧವನ್ನು ಹೀಗೆ ಆಡಿಸುವ ‘ಹಾರ್ಟ್ಸ್ ಆಫ್ ಐರನ್ 4’ 2016ರಲ್ಲಿ ಬಂದು ಜಗತ್ತಿನಾದ್ಯಂತ ಹೆಸರಾಯಿತು. ಆದರೆ ಇಂಥ ಆಟದ ಸಾಮಗ್ರಿಗಾಗಿ ಯೂರೋಪಿಗೆ ಹೋಗಬೇಕಾಗಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಗೂ ಬಿಸಿ ತಟ್ಟಿಸಿದ ಮೂರನೇ ಮೈಸೂರು ಯುದ್ಧ ಅದಕ್ಕೆ ಬೇಕಾದುದೆಲ್ಲವನ್ನೂ ಒದಗಿಸುತ್ತದೆ.

1791ರ ಮಾರ್ಚ್ 21ರಂದು ಬೆಂಗಳೂರು ಕೋಟೆಯನ್ನು ಹಿಡಿದ ಆಂಗ್ಲ ಸೇನಾಪತಿ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದತ್ತ ಸಾಗಿ, 15ರಂದು ಅರಕೆರೆಯ ಬಳಿಯ ಕಾಳಗದಲ್ಲಿ ಗೆದ್ದರೂ ಮುತ್ತಿಗೆ ಹಾಕಲಾರದೆ ಹೋದನು. ದಾರಿಯುದ್ದಕ್ಕೂ ಮೈಸೂರಿನ ಸುಲ್ತಾನ ಟಿಪ್ಪುವಿನ ಕುದುರೆಪಡೆ ಮೇವನ್ನು ನಾಶಪಡಿಸಿದ್ದರಿಂದ ಬಂಡಿ ಎಳೆಯುವ ಎತ್ತುಗಳು ಸಾವಿರಗಟ್ಟಲೆ ಸತ್ತವು, ಪಾಳೆಯದಲ್ಲಿ ಹಸಿವು, ರೋಗ, ಮೇಲೆ ಮಳೆ. ಕೋಟೆ ಒಡೆಯಲೆಂದು ತಂದ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಅವನು ಹಿಂದಿರುಗುವಾಗ, ಎದುರಿಗೆ ಧೂಳೆಬ್ಬಿಸಿ ಬಂದದ್ದು ಪರಶುರಾಮ ಭಾವೂ ಮತ್ತು ಹರಿಪಂತ ಫಡ್ಕೆಯವರ ಮರಾಠಾ ಸೇನೆ. ಮಿತ್ರಸೇನೆ ಅಷ್ಟು ಸಮೀಪದಲ್ಲಿರುವ ಸುದ್ದಿ ಕಾರ್ನ್‌ವಾಲಿಸನಿಗೆ ತಲುಪದಿದ್ದುದಕ್ಕೆ ಕಾರಣ, ಅದನ್ನು ಹೊತ್ತ ಹರಿಕಾರರನ್ನು ಮೈಸೂರಿನ ಸವಾರರು ದಾರಿಯಲ್ಲೇ ತಡೆದಿದ್ದುದು.

ಕವಲು ಒಡೆಯಬೇಕಾದ ಜಾಗ ಇದೇ. ಟಿಪ್ಪುವಿನ ಕುದುರೆಪಡೆ ಎರಡು ಕೆಲಸಗಳನ್ನೂ ಮಾಡಿತು. ಆಟದಲ್ಲಿ ಸವಾರರ ಸಂಖ್ಯೆಗೆ ಮಿತಿಯಿಟ್ಟು, ಮೇವು ಸುಡುವುದೋ ಸುದ್ದಿ ತಡೆಯುವುದೋ ಎಂಬ ಆಯ್ಕೆಯನ್ನು ಮೈಸೂರಿನ ಪರ ಆಡುವವನ ಮುಂದಿಡಬಹುದು. ಮೇವು ಸುಟ್ಟು ಸುದ್ದಿಯನ್ನು ಬಿಟ್ಟರೆ, ಶತ್ರು ಹಸಿದಿದ್ದರೂ ಫಿರಂಗಿಗಳನ್ನು ಉಳಿಸಿಕೊಂಡು ಮರಾಠರಿಗಾಗಿ ಕಾಯುತ್ತಾನೆ. ಸುದ್ದಿಯನ್ನು ತಡೆದು ಮೇವನ್ನು ಬಿಟ್ಟರೆ, ಎತ್ತುಗಳು ಬದುಕಿ ಕಾವೇರಿ ತುಂಬಿ ಹರಿಯುವ ಮೊದಲೇ ಮುತ್ತಿಗೆ ಆರಂಭವಾಗುತ್ತದೆ. ವೀರನೊಬ್ಬ ಹೆಚ್ಚು ಶೌರ್ಯ ತೋರಿದ್ದರೆ ಎಂಬ ಕಲ್ಪನೆಗಿಂತ ಇದು ಎಷ್ಟೋ ಮೇಲು, ಏಕೆಂದರೆ ಇಲ್ಲಿ ಕಲ್ಪನೆಗೂ ಕಾರಣ ಬೇಕಾಗುತ್ತದೆ. ಎತ್ತು ಈ ಕಥೆಯಲ್ಲಿ ಅಲಂಕಾರವಲ್ಲ: ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಎಂಬ ದನಸಾಕಣೆಯ ಇಲಾಖೆಯನ್ನು ಅಮೃತಮಹಲ್ ಎಂದು ಕರೆದ ಟಿಪ್ಪುವಿಗೆ ಅಲ್ಲಿನ ಎತ್ತಿನ ತಳಿಯ ವೇಗವೇ ಸೇನೆಯ ವೇಗವಾಗಿತ್ತು, ತಿಪಟೂರು ತಾಲ್ಲೂಕಿನ ಕೋನೇಹಳ್ಳಿಯಲ್ಲಿ ಆ ತಳಿಯ ಸಂವರ್ಧನೆ ಇಂದಿಗೂ ನಡೆದಿದೆ.

ಆದರೆ ಪ್ರತಿ ತೀರ್ಮಾನಕ್ಕೂ ಎರಡು ದಾರಿಗಳಿಟ್ಟರೆ ಹತ್ತನೆಯದರ ಹೊತ್ತಿಗೆ 1024 ದಾರಿಗಳಾಗುತ್ತವೆ, ಅಷ್ಟನ್ನೂ ಬರೆಯುವುದು ಯಾರಿಂದಲೂ ಆಗದು. ಆದ್ದರಿಂದ ಕವಲುಗಳನ್ನು ಮುಂದೆಲ್ಲೋ ಮತ್ತೆ ಕೂಡಿಸಿ, ವ್ಯತ್ಯಾಸವನ್ನು ಎತ್ತು, ಧಾನ್ಯ, ಮಿತ್ರರ ನಂಬಿಕೆ ಮುಂತಾದ ಲೆಕ್ಕಗಳಲ್ಲಿ ಹೊತ್ತು ಸಾಗಿಸುವುದು ರೂಢಿ. ಸೋತ ಟಿಪ್ಪು ಒಪ್ಪಿಕೊಂಡ 1792ರ ಶ್ರೀರಂಗಪಟ್ಟಣದ ಒಪ್ಪಂದ ಹಲವು ದಾರಿಗಳು ಕೂಡುವ ಅಂಥ ಜಾಗವಾಗಬಲ್ಲದು; ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳ ಒತ್ತೆ ಎಂಬ ಷರತ್ತುಗಳು ಆಟಗಾರನ ಹಿಂದಿನ ನಡೆಗಳಿಗೆ ತಕ್ಕಂತೆ ಕಠಿಣವೋ ಸಡಿಲವೋ ಆಗುತ್ತವೆ.

ಆಟಗಳು ಸಾಮಾನ್ಯವಾಗಿ ಮರೆಯುವ ಇನ್ನೊಂದು ಲೆಕ್ಕವಿದೆ, ಅದನ್ನು ಬಿಟ್ಟ ಆಟ ಅಪೂರ್ಣ. ಕಾರ್ನ್‌ವಾಲಿಸನನ್ನು ಸೇರಲು ಹೊರಟಿದ್ದ ಪರಶುರಾಮ ಭಾವೂವಿನ ಸೇನೆ, ಹಾಗಲವಾಡಿ ಪಾಳೆಯಗಾರರ ಊರಾಗಿದ್ದ ಚಿಕ್ಕನಾಯಕನಹಳ್ಳಿಯನ್ನು ಲೂಟಿ ಮಾಡಿತು. ನಕ್ಷೆಯ ಮೇಲೆ ಸೇನೆಯ ಗುರುತನ್ನು ಒಂದು ಮನೆ ಮುಂದೆ ಸರಿಸುವುದೆಂದರೆ ಒಂದು ಊರಿನ ಕಣಜ ಬರಿದಾಗುವುದು. ರಾಗಿಯ ಹೊಲ ಮುಂದಿನ ಮಳೆಗೆ ಚೇತರಿಸಿಕೊಳ್ಳಬಹುದು. ಆದರೆ ಈ ಸೀಮೆಯ ಎತ್ತರದ ತೆಂಗಿನ ತಳಿಯ ಸಸಿ ಫಲ ಕೊಡಲು ಆರೆಂಟು ವರ್ಷ ಬೇಕು. 1792ರ ಮುತ್ತಿಗೆಯಲ್ಲಿ ಆಂಗ್ಲರು ಶ್ರೀರಂಗಪಟ್ಟಣದ ಲಾಲ್‌ಬಾಗಿನ ಮರಗಳನ್ನೇ ಕಡಿದು ಕಂದಕದ ಕೆಲಸಕ್ಕೆ ಕಟ್ಟುಗಳಾಗಿ ಬಳಸಿದರೆಂಬುದನ್ನು ನೆನೆದರೆ, ತೋಟಕ್ಕೂ ಹೊಲಕ್ಕೂ ಬೇರೆ ಬೇರೆ ಲೆಕ್ಕವಿಡುವುದು ಏಕೆ ಬೇಕೆಂಬುದು ತಿಳಿಯುತ್ತದೆ. 1791ರಲ್ಲಿ ಕೊಡಲಿಗೆ ಬಿದ್ದ ತೋಟದ ಕಂದಾಯ, ಆಟ 1799ರ ಕೊನೆಯ ಮುತ್ತಿಗೆಗೆ ಬರುವವರೆಗೂ ಮೈಸೂರಿನ ಖಜಾನೆಗೆ ಪೂರ್ತಿಯಾಗಿ ಮರಳಬಾರದು.