ಹಲ್ಲಲ್ಲ, ಮೊದಲು ತೂತು ನೋಡಿ

ಹೈದರಾಬಾದಿನ ಪಟಾನ್‌ಚೆರು ಕೈಗಾರಿಕಾ ಪ್ರದೇಶದಲ್ಲಿ
ಕಂಪನದಿಂದ ಕೊಯ್ಯುವ ಮಲ್ಟಿಟೂಲ್ ಯಂತ್ರಕ್ಕೆ ಬ್ಲೇಡು ಕೊಳ್ಳಹೊರಟ ನೀವು
ಮೊದಲು ಪರೀಕ್ಷಿಸತಕ್ಕದ್ದು ಯಾವುದನ್ನು,
ಹಲ್ಲನ್ನೋ, ಬೆಲೆಯನ್ನೋ?

ಎರಡನ್ನೂ ಅಲ್ಲ, ಬ್ಲೇಡನ್ನು ಯಂತ್ರಕ್ಕೆ ಸಿಕ್ಕಿಸುವ ತೂತನ್ನು.

ಗೂಟಕ್ಕೆ ಹೊಂದದ ಬೀಸುವ ಕಲ್ಲು
ಎಷ್ಟು ಶ್ರೇಷ್ಠವಾದರೂ ಹಿಟ್ಟು ಬೀಳಿಸದಂತೆ,
ಯಂತ್ರದ ಮೂತಿಗೆ ಕೂಡದ ಬ್ಲೇಡು
ನಿರರ್ಥಕವೇ ಸರಿ.

ಬಾಷ್ ಮತ್ತು ಫೈನ್ ಸಂಸ್ಥೆಗಳು 2016ರಲ್ಲಿ ತಂದ, ಬ್ಲೇಡು ಸಿಕ್ಕಿಸುವ
ಸ್ಟಾರ್‌ಲಾಕ್ ಪದ್ಧತಿಯಲ್ಲಿ
ಸಾದಾ ಸ್ಟಾರ್‌ಲಾಕ್ ಬ್ಲೇಡು
ಸ್ಟಾರ್‌ಲಾಕ್ ಪ್ಲಸ್, ಸ್ಟಾರ್‌ಲಾಕ್ ಮ್ಯಾಕ್ಸ್ ಯಂತ್ರಗಳಿಗೂ ಸಲ್ಲುವುದು;
ಮ್ಯಾಕ್ಸ್ ಬ್ಲೇಡಾದರೋ
ಮ್ಯಾಕ್ಸ್ ಯಂತ್ರವನ್ನುಳಿದು ಮತ್ತಾವುದಕ್ಕೂ ಸಲ್ಲದು.

ಅಂಗಡಿಯಾತ ‘ಅನ್ನಿಟಿಕೀ ಸೆಟ್ ಅವುತುಂದಿ’ (ಎಲ್ಲಕ್ಕೂ ಹೊಂದುತ್ತದೆ) ಎಂದು
ಎಷ್ಟೇ ಆಶ್ವಾಸನೆಯಿತ್ತರೂ,
ನಿಮ್ಮ ಹಳೆಯ ಬ್ಲೇಡನ್ನು ಹೊಸದರ ಮೇಲಿರಿಸಿ
ತೂತಿಗೆ ತೂತು ಕೂಡುವುದನ್ನು
ಕಣ್ಣಾರೆ ಕಂಡೇ ಹಣ ಕೊಡುವುದು ಲೇಸು.

ಹಲ್ಲಿನ ವಿಚಾರ ಆಮೇಲಿನದು:
ಬರಿಯ ಮರಕ್ಕೆ ಸಾಧಾರಣ ಉಕ್ಕು,
ಮೊಳೆ ಹುದುಗಿದ ಮರಕ್ಕೆ ಬೈಮೆಟಲ್,
ಗಡುಸಾದ ಸ್ಕ್ರೂವಿಗೆ ಕಾರ್ಬೈಡ್.