ಬಶೀರಾಬಾದಿನ ಹಳಿ

ಬಶೀರಾಬಾದಿಗೆ ರೈಲಿನಲ್ಲಿ ಬರುವವರು ಟಿಕೇಟು ಕೇಳಬೇಕಾದುದು ನಾವಂದಗಿಗೆ. ಊರಿನ ಹೆಸರೊಂದು, ನಿಲ್ದಾಣದ ಹೆಸರೊಂದು. ಹೊಸ ಬೀಗರಿಗೆ ಇದನ್ನು ಮೊದಲೇ ತಿಳಿಸದಿದ್ದರೆ ಅವರು ತಾಂಡೂರಿನವರೆಗೆ ಹೋಗಿ ಮರಳಬೇಕಾದೀತು!

ಅಮೆರಿಕದ ಚರಿತ್ರೆಯನ್ನು ಓದಿದವರಿಗೆ 1869ರ ಮೇ 10 ನೆನಪಿರುತ್ತದೆ. ಅಂದು ಯೂಟಾ ಪ್ರಾಂತದ ಪ್ರೊಮೊಂಟರಿಯಲ್ಲಿ ಪೂರ್ವ ಪಶ್ಚಿಮಗಳ ಹಳಿಗಳು ಕೂಡಿದವು. ತಿಂಗಳುಗಟ್ಟಲೆಯ ಬಂಡಿಯ ಪಯಣ ಸುಮಾರು ಒಂದು ವಾರಕ್ಕೆ ಇಳಿಯಿತು. ಅದಾದ ಐದೇ ವರ್ಷಕ್ಕೆ, 1874ರಲ್ಲಿ, ವಾಡಿಯಿಂದ ಸೇಡಂ, ತಾಂಡೂರುಗಳ ಮಾರ್ಗವಾಗಿ ಹೈದರಾಬಾದಿಗೆ ಉಗಿಬಂಡಿ ಓಡಿತು. ಮುಂಬಯಿಗೂ ಮದರಾಸಿಗೂ ನಡುವಣ ಹೆದ್ದಾರಿಗೆ ನಿಜಾಮರ ರಾಜಧಾನಿಯನ್ನು ಜೋಡಿಸುವುದೇ ಇದರ ಉದ್ದೇಶವಾಗಿತ್ತು. ಕಾಗಿಣಾ ನದಿಯ ಆಸುಪಾಸಿನ ರೈತನು ಅದನ್ನು ಬೇಡಿದವನಲ್ಲ.

ಅಲ್ಲಿಯ ಸರಕಾರವು ರೈಲು ಕಂಪನಿಗಳಿಗೆ ಹಳಿಯ ಇಕ್ಕೆಲದ ಭೂಮಿಯನ್ನು ದಾನವಾಗಿತ್ತಿತು. ಆ ಭೂಮಿಯಲ್ಲಿ ತಲೆತಲಾಂತರದಿಂದ ಬಾಳಿದ ಮೂಲನಿವಾಸಿಗಳನ್ನು ಕೇಳಿದವರಾರು? ಇಲ್ಲಿ ಭೂಮಿಯ ಬದಲು ಬೊಕ್ಕಸ. 1883ರಲ್ಲಿ ರೈಲ್ವೆಯನ್ನು ಲಂಡನ್ನಿನ ಕಂಪನಿಯೊಂದಕ್ಕೆ ಒಪ್ಪಿಸಲಾಯಿತು. ಹಾಕಿದ ಬಂಡವಾಳಕ್ಕೆ ನಿಶ್ಚಿತ ಬಡ್ಡಿಯ ಭರವಸೆಯನ್ನು ನಿಜಾಮ ಸರಕಾರ ಕೊಟ್ಟಿತು. ‘ನಿಜಾಮ್ಸ್ ಗ್ಯಾರಂಟೀಡ್’ ಎಂಬ ಹೆಸರಿನ ಒಳಗುಟ್ಟು ಇದೇ. ಆದಾಯ ಸಾಲದೆ ಹೋದರೆ ತುಂಬಿಕೊಡುವ ಹಣ ಪ್ರಜೆಗಳ ಕಂದಾಯದಿಂದಲೇ ಬರಬೇಕಲ್ಲವೆ! ‘ಚಾಂದಾ ರೈಲ್ವೆ ಯೋಜನೆ’ ಎಂದು ಹೆಸರಾದ ಈ ಏರ್ಪಾಟನ್ನು ವಿರೋಧಿಸಿದ ಅಘೋರನಾಥ ಚಟ್ಟೋಪಾಧ್ಯಾಯರನ್ನು (ಸರೋಜಿನಿ ನಾಯ್ಡು ಅವರ ತಂದೆ) ಅದೇ ವರ್ಷ ರಾಜ್ಯದಿಂದ ಹೊರಗಟ್ಟಲಾಯಿತು. ನಮ್ಮ ಕಡೆಯ ಶಾಲಾಪುಸ್ತಕಗಳಲ್ಲಿ ಈ ಪ್ರಸಂಗಕ್ಕೆ ಒಂದು ಪುಟವಾದರೂ ದೊರೆಯಬೇಕಿತ್ತು. ಕಂಪನಿಯಿಂದ ಸರಕಾರವು ರೈಲ್ವೆಯನ್ನು ಮರಳಿ ಕೊಂಡುಕೊಂಡುದು 1930ರಲ್ಲಿ.

ಆದರೂ ಹಳಿ ಬಂದ ಮೇಲೆ ನಮ್ಮವರು ಅದನ್ನು ತಮ್ಮದಾಗಿಸಿಕೊಂಡರು. ತಾಂಡೂರಿನ ತೊಗರಿ, ಹಾಸುಗಲ್ಲುಗಳಿಗೆ ದೂರದ ಪೇಟೆಗಳು ತೆರೆದವು. ಸೇಡಂ, ಚಿತ್ತಾಪುರಗಳ ನೆಂಟಸ್ತಿಕೆಗಳು ಗಟ್ಟಿಯಾದವು. ಆಗ ಈ ಊರುಗಳ ನಡುವೆ ಗಡಿಯೆಂಬುದಿರಲಿಲ್ಲ. ತಾಂಡೂರು ತಾಲೂಕು ಗುಲಬರ್ಗಾ ಜಿಲ್ಲೆಗೇ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ತಾಂಡೂರು, ಕೊಡಂಗಲ್ಲುಗಳು ಆಂಧ್ರಪ್ರದೇಶಕ್ಕೆ ಹೋದವು. ಸೇಡಂ ಮೈಸೂರು ರಾಜ್ಯಕ್ಕೆ ಬಂದಿತು. ಎಂಬತ್ತೆರಡು ವರ್ಷ ಒಂದೇ ಸೀಮೆಯಲ್ಲಿ ಹಾಯ್ದಿದ್ದ ಹಳಿಯ ಮೇಲೆ ಅಂದು ಗೆರೆ ಬಿತ್ತು. 2014ರಿಂದ ಆ ಗೆರೆಯ ಆಚೆಗಿರುವುದು ತೆಲಂಗಾಣ.

ಕಚೇರಿಯ ಕಾಗದ, ಮಕ್ಕಳ ಪಾಠ ಎಲ್ಲವೂ ಆ ಗೆರೆಯನ್ನು ಅನುಸರಿಸಿದವು. ಕುರುಗುಂಟ ನಿಲ್ದಾಣದ ಫಲಕದಲ್ಲಿ ಕನ್ನಡವಿದೆ; ಮುಂದೆ ನಾವಂದಗಿಯಲ್ಲಿ ತೆಲುಗು. ಡಬ್ಬಿಯೊಳಗೆ ಕುಳಿತ ಅತ್ತೆ ಸೊಸೆಯರು ಮಾತ್ರ ಕುರುಗುಂಟದಲ್ಲಿ ಆರಂಭಿಸಿದ ಮಾತನ್ನು ನಾವಂದಗಿಯಲ್ಲಿ ಇಳಿಯುವಾಗಲೂ ಕನ್ನಡದಲ್ಲಿಯೇ ಮುಂದುವರಿಸುತ್ತಿರುತ್ತಾರೆ.